ಪದಚರ್ಚೆ: ‘ಆಟೋಎಥ್ನೋಗ್ರಫಿ’ಗೆ ಕನ್ನಡದಲ್ಲಿ ಏನನ್ನೋಣ? ‘ಕಂಡುಂಡ ಅಧ್ಯಯನ’ ಆಗಬಹುದಾ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಮೂರು ತಿಂಗಳಿಂದ ಒದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ನನ್ನ ಪಿಎಚ್‌ಡಿ ಪ್ರಬಂಧವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ವಿಷಯ, ಉಡುಪಿ ಸುತ್ತಿನ ಹಳ್ಳಿಗಳಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಂಗಸರು. ನಾನೂ ಬೀಡಿ ಕಟ್ಟಿದವಳು. ಆರನೇ ಕ್ಲಾಸಿನಿಂದ ಪಿಯುಸಿ ಮುಗಿಯುವವರೆಗೆ ದಿನಾ ಶಾಲೆಯಿಂದ ಬಂದು, ಕೈಕಾಲು ತೊಳೆದು, ಅಮ್ಮನ ಎದುರು ತಡ್ಪೆ ಇಟ್ಟುಕೊಂಡು ಕೂತವಳು. (ಘಟ್ಟದ ಮೇಲಿನವರಿಗೆ: ತಡ್ಪೆ ಅಂದರೆ ತುಳುವಿನಲ್ಲಿ ಗೆರಸೆ, ಮೊರ. ನಮ್ಮ ಕಡೆ ಅಕ್ಕಿ ಕೇರುವುದಕ್ಕಿಂತ ಜಾಸ್ತಿ ಬೀಡಿ ಕಟ್ಟಿದ್ದು ಅದರಲ್ಲಿ.) ನನ್ನ ಪ್ರಬಂಧದಲ್ಲಿ ಮೂವತ್ತು ಹೆಂಗಸರ ಮಾತು ಉಂಟು. ಜೊತೆಗೆ ನನ್ನ ಸ್ವಂತ ಅನುಭವವೂ ಅಧ್ಯಯನದ ಸಾಮಗ್ರಿಯಾಗಿ ಉಂಟು. ಹೀಗೆ ತನ್ನ ಬದುಕನ್ನೇ ಸಾಮಗ್ರಿ ಮಾಡಿಕೊಂಡು ತನ್ನ ಸಮುದಾಯವನ್ನು ಅರ್ಥ ಮಾಡಿಕೊಳ್ಳುವ ವಿಧಾನಕ್ಕೆ ಸಮಾಜಶಾಸ್ತ್ರದಲ್ಲಿ ಆಟೋಎಥ್ನೋಗ್ರಫಿ ಅನ್ನುತ್ತಾರೆ.

ಮೊದಲ ಕರಡಿನಲ್ಲಿ ನಾನು ‘ಆತ್ಮಕಥನ ವಿಧಾನ’ ಎಂದು ಬರೆದಿದ್ದೆ. ಪ್ರಗತಿ ವರದಿ ಒಪ್ಪಿಸುವ ದಿನ ಹಿರಿಯರೊಬ್ಬರು ಪುಟ ತಿರುಗಿಸಿ ಕೇಳಿದರು: “ಇದು ಆತ್ಮಕಥೆ ಅಲ್ವಾ? ಸಂಶೋಧನೆ ಎಲ್ಲಿದೆ?” ನಾನು ಹತ್ತು ನಿಮಿಷ ವಿವರಿಸಿದೆ. ಅವರ ಮುಖ ಬದಲಾಗಲಿಲ್ಲ. ಮನೆಗೆ ಬರುವ ಬಸ್ಸಿನಲ್ಲಿ ನನಗೆ ಹೊಳೆದದ್ದು ಇಷ್ಟು: ಅವರು ನಾನು ಬರೆದ ಪದವನ್ನು ಸರಿಯಾಗಿಯೇ ಓದಿದ್ದರು. ಪದವೇ ತಪ್ಪು.

ಹಾಗಾದರೆ ಸರಿಯಾದ ಪದ ಯಾವುದು?

ಮೊದಲು ಆ ಇಂಗ್ಲಿಷ್ ಪದದ ಹಿನ್ನೆಲೆ ಹೇಳುತ್ತೇನೆ, ಯಾಕೆಂದರೆ ತೊಡಕು ಅಲ್ಲಿಂದಲೇ ಶುರುವಾಗುತ್ತದೆ. ಅದರಲ್ಲಿರುವ ‘ಆಟೋ’, ಅಂದರೆ ‘ಸ್ವಂತ’, ಯಾರ ಸ್ವಂತ? 1975ರಲ್ಲಿ ಕಾರ್ಲ್ ಹೈಡರ್ ಎಂಬ ಮಾನವಶಾಸ್ತ್ರಜ್ಞ ನ್ಯೂಗಿನಿಯ ದಾನಿ ಜನರ ಹತ್ತಿರ “ಜನ ಏನು ಮಾಡುತ್ತಾರೆ?” ಎಂದು ಕೇಳಿ, ಅವರೇ ಕೊಟ್ಟ ಉತ್ತರಗಳಿಗೆ ಈ ಪದ ಬಳಸಿದರು. ಅಲ್ಲಿ ‘ಸ್ವಂತ’ ಅಂದರೆ ಆ ಜನರ ಸ್ವಂತ ಮಾತು. 1979ರಲ್ಲಿ ಡೇವಿಡ್ ಹಯಾನೊ ಬೇರೆ ಅರ್ಥ ಕೊಟ್ಟರು: ಸಂಶೋಧಕ ತನ್ನ ಸ್ವಂತ ಜನರನ್ನು ಅಧ್ಯಯನ ಮಾಡುವುದು. ಅವರು ಕ್ಯಾಲಿಫೋರ್ನಿಯಾದ ಇಸ್ಪೀಟು ಕ್ಲಬ್ಬುಗಳಲ್ಲಿ ತಾವೇ ಪೋಕರ್ ಆಡುತ್ತ, ಆಡುವವರ ಬಗ್ಗೆ ಬರೆದವರು. ಆಮೇಲೆ 1990ರ ದಶಕದಲ್ಲಿ ಕ್ಯಾರೊಲಿನ್ ಎಲ್ಲಿಸ್ ಮುಂತಾದವರ ಕೈಯಲ್ಲಿ ಅದು ಸಂಶೋಧಕಿಯ ಸ್ವಂತ ಬದುಕು, ಸ್ವಂತ ನೋವು ಎಂಬಲ್ಲಿಗೆ ಬಂತು. ಎಲ್ಲಿಸ್ ತಮ್ಮ ಸಂಗಾತಿಯ ಶ್ವಾಸಕೋಶದ ಕಾಯಿಲೆ ಮತ್ತು ಸಾವಿನ ಬಗ್ಗೆಯೇ ಬರೆದರು. 2006ರಲ್ಲಿ ಲಿಯಾನ್ ಆ್ಯಂಡರ್ಸನ್ ಸ್ವಲ್ಪ ಕಡಿವಾಣ ಹಾಕಿದರು: ನೀನು ಆ ಗುಂಪಿನ ಪೂರ್ತಿ ಸದಸ್ಯ ಆಗಿರಬೇಕು, ಬರಹದಲ್ಲಿ ನೀನು ಕಾಣಿಸಬೇಕು, ಆದರೆ ನಿನ್ನೊಬ್ಬನ ಮಾತಿನಲ್ಲಿ ನಿಲ್ಲಬಾರದು, ಉಳಿದವರ ಹತ್ತಿರವೂ ಮಾತಾಡಬೇಕು, ವಿಶ್ಲೇಷಣೆ ಬೇಕು ಎಂದು.

ನನ್ನದು ಈ ಕೊನೆಯ ಬಗೆಯದು. ನನಗೆ ಬೇಕಾದ ಪದದಲ್ಲಿ ‘ನಾನು’ ಇರಬೇಕು, ‘ನಮ್ಮವರು’ ಇರಬೇಕು, ‘ಪರೀಕ್ಷಿಸಿ ನೋಡಿದ್ದೇನೆ’ ಎಂಬುದೂ ಇರಬೇಕು.

ಈಗ ನನಗೆ ಸಿಕ್ಕಿದ, ಸ್ನೇಹಿತರು ಸೂಚಿಸಿದ ಪದಗಳನ್ನು ನೋಡೋಣ.

‘ಸ್ವ-ಜನಾಂಗ ವರ್ಣನೆ’, ‘ಸ್ವಕುಲಕಥನ’. ಎರಡೂ ನಮ್ಮೂರಿನಲ್ಲಿ ನಡೆಯುವುದಿಲ್ಲ. ‘ಕುಲ’ ಅಂದ ಕೂಡಲೇ ಜನ ಜಾತಿ ಎಂದು ಓದುತ್ತಾರೆ. ಬೀಡಿ ಕಟ್ಟುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಬ್ಯಾರಿಗಳಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ನನ್ನ ಸಮುದಾಯ ಜಾತಿಯದಲ್ಲ, ಕೆಲಸದ್ದು. ಸಂಜೆ ಬೀಡಿ ಬ್ರಾಂಚಿನ (ಕಟ್ಟಿದ ಬೀಡಿ ಒಪ್ಪಿಸುವ ಜಾಗ) ಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದೆವಲ್ಲ, ಆ ಸಾಲು ನನ್ನ ಸಮುದಾಯ.

‘ಆತ್ಮ’ದಿಂದ ಶುರುವಾಗುವ ಪದಗಳು ಎಲ್ಲವೂ ಒಳಗೆ ತಿರುಗುತ್ತವೆ. ಆತ್ಮಕಥೆ, ಆತ್ಮಾವಲೋಕನ, ಆತ್ಮನಿವೇದನೆ. ಹೊರಗಿನವರಿಗೆ ಅಲ್ಲಿ ಜಾಗ ಇಲ್ಲ.

‘ಅನುಭಾವ ಸಂಶೋಧನೆ’ ಎಂದರು ಒಬ್ಬ ಸ್ನೇಹಿತೆ. ದಯವಿಟ್ಟು ಬೇಡ. ಅನುಭಾವ ಶರಣರ ಮಾತು, ದೇವರನ್ನು ಒಳಗೆ ಕಾಣುವವರ ಮಾತು. ಅದನ್ನು ವಿಧಾನದ ಹೆಸರಾಗಿ ಎಳೆದು ತರುವುದು ನನಗೆ ಸರಿ ಕಾಣುವುದಿಲ್ಲ.

‘ಸ್ವಾನುಭವ ಸಂಶೋಧನೆ’ ಇವುಗಳಲ್ಲಿ ಒಳ್ಳೆಯದು. ಸುಲಭವಾಗಿ ಅರ್ಥವಾಗುತ್ತದೆ. ಸುಮಾರು ಸಮಯ ನಾನೂ ಅದನ್ನೇ ಇಟ್ಟುಕೊಂಡಿದ್ದೆ. ಆದರೆ ‘ಅನುಭವ’ ನಮ್ಮ ಆಡುಮಾತಿನಲ್ಲಿ ಏನು ಕೆಲಸ ಮಾಡುತ್ತದೆ ನೋಡಿ. “ಅವರು ಅನುಭವಸ್ಥರು” ಅಂದರೆ ಅವರನ್ನು ಪ್ರಶ್ನಿಸಬೇಡ ಎಂದು ಅರ್ಥ. “ನನಗೆ ಅನುಭವ ಆಗಿದೆ” ಅಂದರೆ ಮಾತು ಮುಗಿಯಿತು. “ಅನುಭವಿಸಲಿ ಬಿಡು” ಅಂದರೆ ಶಾಪ. ಮೂರರಲ್ಲೂ ಅನುಭವ ಅಂದರೆ ಚರ್ಚೆಯ ಕೊನೆ. ನನಗೆ ಅದು ಚರ್ಚೆಯ ಶುರು ಆಗಬೇಕು.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ನೆನಪಿನಲ್ಲಿ ನಾವು ವರ್ಷವಿಡೀ, ಒಂದು ದಿನವೂ ಬಿಡದೆ ಬೀಡಿ ಕಟ್ಟಿದೆವು. ಹಬ್ಬದ ದಿನವೂ ಬೆರಳ ತುದಿಯಲ್ಲಿ ಹೊಗೆಸೊಪ್ಪಿನ ಹುಡಿಯ ವಾಸನೆ. ಇದನ್ನು ಕರಡಿನಲ್ಲಿ ಹಾಗೆಯೇ ಬರೆದಿದ್ದೆ. ಆಮೇಲೆ ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ ಹಳೇ ಬೀಡಿ ಪುಸ್ತಕ ಸಿಕ್ಕಿತು. ಬ್ರಾಂಚಿನಲ್ಲಿ ದಿನದಿನದ ಲೆಕ್ಕ ಬರೆದುಕೊಡುವ ಸಣ್ಣ ಪುಸ್ತಕ. ಜೂನ್ ಕೊನೆ, ಜುಲೈಯ ಪುಟಗಳಲ್ಲಿ ಸಾಲು ಸಾಲು ಖಾಲಿ. ಅಮ್ಮನನ್ನು ಕೇಳಿದೆ. “ನೇಜಿ ನೆಡಲಿಕ್ಕೆ ಹೋಗ್ತಿರಲಿಲ್ವಾ? ಗದ್ದೆಯಲ್ಲಿ ಸಂಬಳ ಜಾಸ್ತಿ” ಅಂದರು. (ನೇಜಿ ಅಂದರೆ ಭತ್ತದ ಸಸಿ.) ಅಂದರೆ ಆ ದಿನಗಳಲ್ಲಿ ಅಮ್ಮ ಕಟ್ಟಲೇ ಇಲ್ಲ. ಎಲೆ ನೆನೆಸಿ, ಅಚ್ಚು ಇಟ್ಟು ಕತ್ತರಿಸಿ, ನನ್ನ ಪಾಲಿಗೆ ಇಷ್ಟು ಎಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುವವರೇ ಇಲ್ಲದಿದ್ದಾಗ ನಾನು ಕಟ್ಟಿದ್ದಾದರೂ ಹೇಗೆ? ಕಟ್ಟಿರಲಿಲ್ಲ. ನನ್ನ ನೆನಪು ಸುಳ್ಳು ಹೇಳಿತ್ತಾ? ನನಗೆ ಹಾಗನ್ನಿಸುವುದಿಲ್ಲ. ಬಿಡುವೇ ಇರಲಿಲ್ಲ ಎಂಬ ಭಾವ ನಿಜ, ದಿನಗಳ ಲೆಕ್ಕ ತಪ್ಪು. ಈಗ ಪ್ರಬಂಧದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೇನೆ. ಖಾಲಿ ಪುಟ ನೋಡಿದ್ದರಿಂದಲೇ ಗದ್ದೆ ಕೆಲಸಕ್ಕೂ ಬೀಡಿಗೂ ಇರುವ ನಂಟು ನನಗೆ ಕಂಡದ್ದು. ಅದರ ಮೇಲೆ ಈಗ ಇಡೀ ಒಂದು ಅಧ್ಯಾಯ ಉಂಟು.

ನೆನಪನ್ನು ಕೀಳು ಮಾಡುವುದಕ್ಕೆ ಇದನ್ನು ಹೇಳುತ್ತಿಲ್ಲ. ಮೈಸೂರಿನ ಎಂ.ಎನ್. ಶ್ರೀನಿವಾಸರು 1948ರಲ್ಲಿ ರಾಂಪುರ ಎಂದು ಅವರು ಕರೆದ ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ ಅವರು ವರ್ಷಗಟ್ಟಲೆ ಹದ ಮಾಡಿಟ್ಟ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆಮೇಲೆ ಬಹುಪಾಲು ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು, ಇವತ್ತಿಗೂ ಓದುತ್ತಾರೆ. ನಮ್ಮ ನಾಡಿನಲ್ಲೇ ನೆನಪು ಸಂಶೋಧನೆಯ ಸಾಮಗ್ರಿಯಾದ ದಾರಿ ಉಂಟು. ಅದಕ್ಕೆ ಹೆಸರು ಮಾತ್ರ ಕನ್ನಡದಲ್ಲಿ ಇಲ್ಲ.

ಇನ್ನು ನನ್ನ ಸೂಚನೆ. ‘ಕಂಡುಂಡ’.

ಇದು ನಾನು ಕಟ್ಟಿದ ಪದ ಅಲ್ಲ. “ಕಂಡುಂಡ ಸತ್ಯ”, “ಕಂಡುಂಡವರ ಮಾತು” ಎಂದು ನಾವೆಲ್ಲ ಓದುತ್ತೇವೆ, ಬರೆಯುತ್ತೇವೆ. ಕಂಡು, ಉಂಡ. ‘ಉಣ್ಣು’ ಎಷ್ಟು ಒಳ್ಳೆಯ ಕ್ರಿಯಾಪದ ನೋಡಿ. ಏಟು ತಿನ್ನುತ್ತೇವೆ, ಬೈಗುಳ ತಿನ್ನುತ್ತೇವೆ. ಆದರೆ ಕಷ್ಟ ಉಣ್ಣುತ್ತೇವೆ, ನೋವು ಉಣ್ಣುತ್ತೇವೆ, ಸುಖವನ್ನೂ ಉಣ್ಣುತ್ತೇವೆ. ತಿನ್ನುವುದು ನಿಂತಲ್ಲೇ ಆಗುತ್ತದೆ, ಒಂದು ಬಾಳೆಹಣ್ಣಿನ ಹಾಗೆ. ಉಣ್ಣುವುದಕ್ಕೆ ಕೂರಬೇಕು, ಎಲೆ ಹಾಕಬೇಕು, ದಿನಾ ಆಗಬೇಕು. (“ನೋವು ತಿಂದಳು” ಎನ್ನುವುದೂ ಉಂಟು, ನನಗೆ ಗೊತ್ತು. ಆದರೆ ಅದು ಹೆರಿಗೆ ನೋವಿನಂಥ ಒಂದು ಹೊತ್ತಿನ ನೋವಿಗೆ ಜಾಸ್ತಿ ಅಲ್ವಾ? ತಪ್ಪಿದ್ದರೆ ತಿದ್ದಿ.) ಏಳು ವರ್ಷ ಸಂಜೆ ಹೊತ್ತು ಬೆನ್ನು ಬಗ್ಗಿಸಿ ಕೂತದ್ದು ಉಂಡದ್ದೇ.

ಸಂಶೋಧನೆಯ ದಾರಿಗಳನ್ನು ಇದೇ ಮಾತಿನಲ್ಲಿ ಹೇಳಿಬಿಡಬಹುದು. ಇನ್ನೊಬ್ಬರ ಜೊತೆ ಇದ್ದು ನೋಡಿ ಬರೆದರೆ ಅದು ಕಂಡದ್ದು. ಸಂದರ್ಶನ ಮಾಡಿದರೆ ಕೇಳಿದ್ದು. ತನ್ನದೇ ಬದುಕು ಬರೆದರೆ ಉಂಡದ್ದು. ಬರೀ ಉಂಡದ್ದನ್ನು ಬರೆದರೆ ಆತ್ಮಕಥೆ ಆಗುತ್ತದೆ, ಆ ಹಿರಿಯರು ಹೇಳಿದ ಹಾಗೆ. ಉಂಡವಳೇ ಆಮೇಲೆ ಚೂರು ದೂರ ನಿಂತು, ಬೀಡಿ ಪುಸ್ತಕ ತೆರೆದು, ಮೂವತ್ತು ಮಂದಿಯ ಮಾತಿನ ಪಕ್ಕ ಇಟ್ಟು ‘ಕಂಡರೆ’ ಮಾತ್ರ ಅದು ಅಧ್ಯಯನ. ಆ ಎರಡೂ ಕೆಲಸ ‘ಕಂಡುಂಡ’ ಎಂಬ ಒಂದೇ ಪದದಲ್ಲಿ ಕೂತಿವೆ. ಅದಕ್ಕೇ ‘ಕಂಡುಂಡ ಅಧ್ಯಯನ’ ಎನ್ನೋಣ ಎಂದು ನನ್ನ ಆಸೆ. ಅನುಕ್ರಮ ತಿರುಗಾಮುರುಗಾ, ‘ಉಂಡು ಕಂಡ’ ಆಗಬೇಕಿತ್ತು ಎಂದು ನನ್ನ ಅಣ್ಣ ಹೇಳುತ್ತಾನೆ. ಇರಬಹುದು. ಆದರೆ ಜನರ ಬಾಯಲ್ಲಿರುವ ಪದವನ್ನು ಒಡೆಯಲು ನನಗೆ ಮನಸ್ಸಿಲ್ಲ.

ಎರಡನೇ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಸರ್ವನಾಮದ್ದು.

ಕನ್ನಡ ಪ್ರಬಂಧಗಳಲ್ಲಿ ‘ನಾನು’ ಬರೆಯಬಾರದು, ‘ಸಂಶೋಧಕಿಯು’ ಎನ್ನಬೇಕು ಎಂಬ ರೂಢಿ ಇನ್ನೂ ಗಟ್ಟಿ ಉಂಟು. “ಸಂಶೋಧಕಿಯು ತನ್ನ ಬಾಲ್ಯದಲ್ಲಿ ಬೀಡಿಗಳನ್ನು ಕಟ್ಟುತ್ತಿದ್ದಳು” ಎಂದು ಬರೆದು ನೋಡಿದೆ. ಯಾರದೋ ಮಗಳ ಕತೆಯ ಹಾಗೆ ಕಂಡಿತು. ‘ನಾನು’ ಎಂದೇ ಬರೆಯುತ್ತೇನೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಇರುವುದು ‘ನಾವು’ ವಿಷಯದಲ್ಲಿ.

ನಮ್ಮ ಮನೆ ಮಾತು ತುಳು. ತುಳುವಿನಲ್ಲಿ ‘ನಾವು’ ಎನ್ನಲು ಎರಡು ಪದ. ‘ನಮ’ ಅಂದರೆ ಕೇಳುತ್ತಿರುವ ನೀನೂ ಸೇರಿ ನಾವು. ‘ಎಂಕುಲು’ ಅಂದರೆ ನಿನ್ನನ್ನು ಬಿಟ್ಟು ನಾವು. ಅಮ್ಮನ ಮಾತು ದಾಖಲು ಮಾಡಲು ಕೂತ ಮೊದಲ ದಿನ ಮೊಬೈಲನ್ನು ನಡುವೆ ಇಟ್ಟೆ. ಅಮ್ಮ ಸೆರಗು ಸರಿ ಮಾಡಿಕೊಂಡು, ನೆಟ್ಟಗೆ ಕೂತು, ಎಲ್ಲದಕ್ಕೂ ‘ಎಂಕುಲು’ ಎಂದರು. ಎಂಕುಲು ಹೀಗೆ ಮಾಡುತ್ತಿದ್ದೆವು, ಎಂಕುಲು ಹಾಗೆ ಹೋಗುತ್ತಿದ್ದೆವು. ನಾನು ಎದುರಿನಲ್ಲಿ ಕಾಲೇಜಿನ ಮೇಡಂ ಆಗಿ ಕೂತಿದ್ದೆ. ಎರಡನೇ ವಾರ ಸುಮ್ನೆ ಅಟ್ಟದಿಂದ ಹಳೇ ತಡ್ಪೆ ಇಳಿಸಿದೆ. ಪಕ್ಕದ ಮನೆಯ ದೊಡ್ಡಮ್ಮ ಈಗಲೂ ಕಟ್ಟುತ್ತಾರೆ, ಅವರಿಂದ ಒಂದು ಹಿಡಿ ಎಲೆ, ಚೂರು ಹುಡಿ ತಂದೆ. ನನ್ನ ಕೈ ಮರೆತಿರಲಿಲ್ಲ, ಆದರೆ ಬಾಯಿ ಮಡಿಸುವಾಗ ಎಲೆ ಹರಿಯಿತು. ಅಮ್ಮ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಉಗುರಿನಲ್ಲಿ ಒತ್ತಿ ಮಡಿಸಿ, ನೂಲು ಸುತ್ತಿ ಕೊಟ್ಟರು. “ನಮ ಕಟ್ಟಿದ್ದಕ್ಕೆ ಬ್ರಾಂಚಿನಲ್ಲಿ ಹೆಸರಿತ್ತು” ಎಂಬ ಅರ್ಥದ ಮಾತೊಂದು ಬಂತು. ‘ನಮ’. ಆ ದಿನ ಪೂರ್ತಿ ‘ನಮ’.

ನನ್ನ ಇಡೀ ವಿಧಾನದ ಅಧ್ಯಾಯ ಆ ಎರಡು ಪದಗಳ ನಡುವೆ ಉಂಟು. ನಾನು ಒಳಗಿನವಳೋ ಹೊರಗಿನವಳೋ ಎಂದು ನಾನು ತೀರ್ಮಾನ ಮಾಡುವುದಲ್ಲ. ಅಮ್ಮ ಮಾಡುತ್ತಾರೆ, ದಿನಕ್ಕೊಂದು ಬಗೆಯಲ್ಲಿ. ಆದರೆ ಕನ್ನಡಕ್ಕೆ ತಂದರೆ ಎರಡೂ ‘ನಾವು’ ಆಗಿ ಗುರುತೇ ಉಳಿಯುವುದಿಲ್ಲ.

ಇದು ಬರೀ ವ್ಯಾಕರಣದ ವಿಷಯ ಅಲ್ಲ. ಆಗಲೇ ಹೇಳಿದ ಎಲ್ಲಿಸ್ ಅದಕ್ಕೂ ಮೊದಲು ಅಮೆರಿಕದ ಚೆಸಪೀಕ್ ಕೊಲ್ಲಿಯ ಮೀನುಗಾರರ ನಡುವೆ ವರ್ಷಗಟ್ಟಲೆ ಹೋಗಿ ಬಂದು, 1986ರಲ್ಲಿ ಪುಸ್ತಕ ಮಾಡಿದರು. ಅಲ್ಲಿಯವರು ಅವರನ್ನು ಗೆಳತಿ ಎಂದು ನಂಬಿದ್ದರು. ಪುಸ್ತಕದಲ್ಲಿ ತಮ್ಮ ಬಗ್ಗೆ ಬರೆದದ್ದು ಗೊತ್ತಾದಾಗ ತುಂಬ ನೊಂದುಕೊಂಡರು. ಎಲ್ಲಿಸ್ ಅದನ್ನು ಮುಚ್ಚಿಡದೆ ಆಮೇಲೆ ಬರೆದರು. ನಾನು ಅದನ್ನು ಓದುವಾಗ ಮಲ್ಪೆಯ ಬಂದರು ಕಣ್ಣ ಮುಂದೆ ಬಂತು, ನಮ್ಮ ಬ್ರಾಂಚಿನ ಜಗಲಿಯೂ ಬಂತು. ನನ್ನ ಅನುಭವ ಬರೆಯಲು ನನಗೆ ಹಕ್ಕು ಉಂಟು. ಆದರೆ ನನ್ನ ಅನುಭವದಲ್ಲಿ ಅಮ್ಮ ಇದ್ದಾರೆ, ದೊಡ್ಡಮ್ಮ ಇದ್ದಾರೆ. ಹಾಗಾಗಿ ಬರೆದ ಪ್ರತಿ ಪುಟವನ್ನೂ ಅಮ್ಮನಿಗೆ ಓದಿ ಹೇಳುತ್ತೇನೆ. ಮನೆಯ ಸಾಲದ ಬಗ್ಗೆ ಇದ್ದ ಎರಡು ಪುಟ ಬೇಡ ಅಂದರು. ತೆಗೆದೆ.

ಕೇಳಬೇಕಾದದ್ದು ಇಷ್ಟು. ‘ಕಂಡುಂಡ ಅಧ್ಯಯನ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ನಿಮ್ಮ ಕಡೆ ‘ಕಂಡುಂಡ’ಕ್ಕೆ ಬೇರೆ ಛಾಯೆ ಏನಾದರೂ ಇದೆಯಾ, ಕೊಂಕಿನದ್ದು, ಕೆಟ್ಟ ಅರ್ಥದ್ದು? ಅನುವಾದ ಮಾಡುವವರು ‘ನಮ’, ‘ಎಂಕುಲು’ಗಳನ್ನು ಹೇಗೆ ತರುತ್ತೀರಿ? ‘ನಾವೆಲ್ಲ’, ‘ನಾವುಗಳು ಮಾತ್ರ’ ಎಂದು ಬರೆದು ನೋಡಿದೆ, ಅಮ್ಮನ ಬಾಯಲ್ಲಿ ಅದು ಕೂರುವುದಿಲ್ಲ. ಹವ್ಯಕ ಮಾತಾಡುವವರಿಗೆ ‘ಎಂಗೊ’, ‘ನಾವು’ ಎಂಬ ಇದೇ ವ್ಯತ್ಯಾಸ ಉಂಟಲ್ಲ, ಮಲಯಾಳದಲ್ಲೂ ಉಂಟು. ಹವ್ಯಕ ಕತೆಗಳನ್ನು ಪುಸ್ತಕದ ಕನ್ನಡಕ್ಕೆ ತಂದವರು, ಕಾಸರಗೋಡಿನ ಕಡೆಯಿಂದ ಅನುವಾದ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಬೇರೆ ದಾರಿ ಸಿಗದಿದ್ದರೆ ಅಮ್ಮನ ಮಾತುಗಳಲ್ಲಿ ಆ ಎರಡು ಪದಗಳನ್ನು ತುಳುವಿನಲ್ಲೇ ಉಳಿಸಿ, ಮೊದಲ ಪುಟದಲ್ಲಿ ಅರ್ಥ ಹೇಳಿಬಿಡುತ್ತೇನೆ.

ಮುಂದಿನ ತಿಂಗಳು ವಿಧಾನದ ಅಧ್ಯಾಯ ಒಪ್ಪಿಸಬೇಕು. ಅದೇ ಹಿರಿಯರು ಇರುತ್ತಾರೆ.