ದೀಪಾವಳಿ ಹೊತ್ತಲ್ಲಿ ಅತ್ತೆಯ ಸಂಜೆ ಗಲಿಬಿಲಿ

ಪ್ರಶ್ನೆ: ಅತ್ತೆಗೆ ಆಲ್ಝೈಮರ್ (ಮರೆವಿನ ಕಾಯಿಲೆ). ಸಂಜೆಯಾದರೆ ಸಾಕು, "ಮನೆಗೆ ಹೋಗ್ಬೇಕು" ಅಂತ ಬಾಗಿಲಿಗೆ ಬರ್ತಾರೆ. ಪಟಾಕಿ ಶುರುವಾದರೆ ಹೇಗೆ ಸಂಭಾಳಿಸೋದು?

ಉತ್ತರ 1: ಬೆಂಗಳೂರಲ್ಲಿ ನವೆಂಬರ್ ಮಧ್ಯಕ್ಕೆ 5:50ರ ಹೊತ್ತಿಗೇ ಸೂರ್ಯ ಮುಳುಗುತ್ತೆ. 5ಕ್ಕೇ ಎಲ್ಲ ಲೈಟ್ ಹಾಕಿ, ಪರದೆ ಎಳೀರಿ. ಕಿಟಕಿ ಗಾಜಲ್ಲಿ ತಮ್ಮದೇ ಬಿಂಬ ಕಂಡು ಯಾರೋ ಬಂದ್ರು ಅಂದ್ಕೋತಾರೆ. ಮಧ್ಯಾಹ್ನದ ಮೇಲೆ ಕಾಫಿ ಬೇಡ. "ಇದೇ ನಿಮ್ಮನೆ" ಅಂತ ವಾದಕ್ಕಿಳೀಬೇಡಿ. "ಬತ್ತಿ ಹೊಸೆದು ಹೋಗೋಣ ಅತ್ತೆ" ಅಂತ ಹತ್ತಿ ಕೈಗೆ ಕೊಡಿ. ಸೊಟ್ಟಗಾದ್ರೂ ತಿದ್ದಬೇಡಿ.

ಉತ್ತರ 2: ಹಣತೆ ನೆಲದ ಮೇಲೆ ಬೇಡವೇ ಬೇಡ. ದೂರದ ಅಂದಾಜು ತಪ್ಪುತ್ತೆ, ಸೆರಗು ತಾಗುತ್ತೆ. ಮಿಣುಕೋ ಲೈಟ್ ಸರವೂ ಬೇಡ. ಪಟಾಕಿ ಹೊತ್ತಿಗೆ ಹಿಂದಿನ ಕೋಣೆ, ಜೋರು ಫ್ಯಾನ್, ಗೊತ್ತಿರೋ ದೇವರನಾಮ.

ಉತ್ತರ 3: ಗಲಿಬಿಲಿ ಎರಡೇ ದಿನದಲ್ಲಿ ಏಕಾಏಕಿ ಹೆಚ್ಚಾಯ್ತಾ? ಮೂತ್ರದ ಸೋಂಕೋ ಮಲಬದ್ಧತೆಯೋ ಇರಬಹುದು, ಡಾಕ್ಟರಿಗೆ ತೋರಿಸಿ. ನಿದ್ದೆ ಮಾತ್ರೆ ನೀವಾಗೇ ಕೊಡಬೇಡಿ, ರಾತ್ರಿ ಎದ್ದಾಗ ಬೀಳ್ತಾರೆ.