‘ನೆರವೇರಿತು’: ಮತ್ತಾಯ 2:15ರಲ್ಲಿ ಈ ಪದದ ಅರ್ಥವೇನು?

ಕನ್ನಡ ಬೈಬಲ್ಲಿನಲ್ಲಿ ಮತ್ತಾಯನ ಸುವಾರ್ತೆಯ ಮೊದಲ ಎರಡು ಅಧ್ಯಾಯ ಓದುವಾಗ ‘ನೆರವೇರಿತು’, ‘ನೆರವೇರುವಂತೆ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಪ್ರವಾದಿ ಹಿಂದೆ ಹೇಳಿದ್ದು ಯೇಸುವಿನಲ್ಲಿ ನೆರವೇರಿತು ಎಂಬ ಧಾಟಿ. ಚರ್ಚಿನ ಕನ್ನಡದಲ್ಲಿ ಇದು ಎಷ್ಟು ಬಳಕೆಯಾಗಿದೆಯೆಂದರೆ ಯಾರೂ ನಿಂತು ಯೋಚಿಸುವುದಿಲ್ಲ. ಹೊರಗಿನ ಕನ್ನಡದಲ್ಲಿ ನುಡಿದ ಭವಿಷ್ಯಕ್ಕೆ ಈ ಕ್ರಿಯಾಪದ ಹೊಂದುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಒಂದು ಸಾಲು ಕಾರಣಿಕ, ಅಂದರೆ ಭವಿಷ್ಯ, ನುಡಿಯುತ್ತಾನೆ. ಮಳೆ ಹಾಗೇ ಬಂದರೆ ಜನ ‘ಕಾರಣಿಕ ನಿಜವಾಯ್ತು’, ‘ಫಲಿಸಿತು’ ಎನ್ನುತ್ತಾರೆ. ‘ಕಾರಣಿಕ ನೆರವೇರಿತು’ ಎಂದರೆ ನಮಗೆ ಕೇಳಿಸುವುದೇ ಬೇರೆ: ಆ ವರ್ಷದ ಕಾರ್ಯಕ್ರಮ ನಡೆಯಿತು, ಅಷ್ಟೆ. ಮದುವೆ ನೆರವೇರುತ್ತದೆ, ಆಸೆ ನೆರವೇರುತ್ತದೆ, ಕೊಟ್ಟ ಮಾತನ್ನು ನೆರವೇರಿಸುತ್ತೇವೆ. ಮೊದಲೇ ಸಂಕಲ್ಪ ಮಾಡಿದ್ದು ಕೈಗೂಡುವುದಕ್ಕೆ ಈ ಪದ. ಹಾಗಾಗಿ ಮತ್ತಾಯನಲ್ಲಿ ಇದನ್ನು ಓದಿದ ಕನ್ನಡಿಗ, ಹಳೆಯ ಪ್ರವಾದಿ ಮೆಸ್ಸೀಯನನ್ನು (ಬರಬೇಕಿದ್ದ ರಕ್ಷಕನನ್ನು) ಮನಸ್ಸಿನಲ್ಲಿಟ್ಟುಕೊಂಡೇ ಮುಂಗಡವಾಗಿ ಹೇಳಿದ್ದ ಎಂದುಕೊಳ್ಳುವುದು ಸಹಜ.

ಈಗ 2:15 ನೋಡಿ. ಮಗುವನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಹೆರೋದನಿಂದ ತಪ್ಪಿಸಲು ತಂದೆತಾಯಿ ಯೇಸುವನ್ನು ಐಗುಪ್ತಕ್ಕೆ (ಈಜಿಪ್ಟಿಗೆ) ಕರೆದೊಯ್ದು, ಅವನು ಸಾಯುವವರೆಗೂ ಅಲ್ಲೇ ಇದ್ದರು. ಐಗುಪ್ತದಿಂದ ನನ್ನ ಮಗನನ್ನು ಕರೆದೆನು ಎಂಬ ಪ್ರವಾದಿಯ ಮಾತು ಇದರಿಂದ ನೆರವೇರಿತು ಎನ್ನುತ್ತಾನೆ ಮತ್ತಾಯ. ಆ ಮಾತು ಇರುವುದು ಹೋಶೇಯ 11:1ರಲ್ಲಿ. ಅಲ್ಲಿ ಹೋಶೇಯ ಮುಂದಿನದನ್ನು ಹೇಳುತ್ತಲೇ ಇಲ್ಲ, ಆಗಿಹೋದದ್ದನ್ನು ನೆನೆಯುತ್ತಿದ್ದಾನೆ. ಇಸ್ರಾಯೇಲು ಇನ್ನೂ ಎಳೆಯದಾಗಿದ್ದಾಗ ನಾನು ಅದನ್ನು ಪ್ರೀತಿಸಿದೆ ಎಂದು ವಾಕ್ಯ ಶುರುವಾಗುತ್ತದೆ. ‘ಮಗ’ ಎಂದರೆ ಇಸ್ರಾಯೇಲ್ ಜನ, ಘಟನೆ ಮೋಶೆಯ ಕಾಲದ ಬಿಡುಗಡೆ. ಮುಂದಿನ ವಚನದಲ್ಲೇ, ಕರೆದಷ್ಟೂ ಅವರು ದೂರ ಹೋದರು, ಬಾಳ್ ದೇವರುಗಳಿಗೆ ಬಲಿ ಕೊಟ್ಟರು ಎಂದು ಬರುತ್ತದೆ. ಇದನ್ನು ಯೇಸುವಿಗೆ ಹೊಂದಿಸಲು ಯಾವ ಕ್ರೈಸ್ತನೂ ಒಪ್ಪುವುದಿಲ್ಲ. ಅಂದಮೇಲೆ ಇದು ಮೆಸ್ಸೀಯನ ಕುರಿತ ಭವಿಷ್ಯವಾಣಿ ಅಲ್ಲವೆಂದು ಯೆಹೂದಿ ಓದುಗರು ಹೇಳಿದರೆ, ಹೋಶೇಯನ ಪಠ್ಯವೇ ಅವರ ಪರ ನಿಲ್ಲುತ್ತದೆ. ಈ ಮಾತನ್ನು ನಾವು ಗೌರವದಿಂದ ಕೇಳಬೇಕು.

ಮತ್ತಾಯನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಹಳೆಯ ಗ್ರೀಕ್ ಅನುವಾದದಲ್ಲಿ ಈ ಸಾಲು ‘ಅವನ ಮಕ್ಕಳನ್ನು’ ಎಂದಿದೆ. ಮತ್ತಾಯ ಅದನ್ನು ಬಿಟ್ಟು ಹೀಬ್ರೂ ಮೂಲದ ‘ನನ್ನ ಮಗ’ವನ್ನೇ ಹಿಡಿದಿದ್ದಾನೆ. ಅವನು ಬಳಸಿದ ಗ್ರೀಕ್ ಕ್ರಿಯಾಪದ ‘ಪ್ಲೆರೊಒ’. ಮೂಲಾರ್ಥ ತುಂಬು. ಅದೇ ಸುವಾರ್ತೆಯ 13:48ರಲ್ಲಿ ಬಲೆ ಮೀನಿನಿಂದ ತುಂಬಿದಾಗ ದಡಕ್ಕೆ ಎಳೆದರು ಎನ್ನುವಲ್ಲಿಯೂ ಇದೇ ಪದ. ಹಳೆಯ ಕಥೆಯಲ್ಲಿ ಐಗುಪ್ತದಿಂದ ಬಂದ ಮಗ ದಾರಿ ತಪ್ಪಿದ. ಈಗ ಬಂದ ಮಗನಲ್ಲಿ ಆ ಕಥೆ ತುಂಬಿಬಂತು. ಮತ್ತಾಯ ಹೇಳುತ್ತಿರುವುದು ಇದನ್ನೇ ಎಂದು ನನಗೆ ತೋರುತ್ತದೆ.

2:17-18ರಲ್ಲೂ ಹಾಗೇ. ಹೆರೋದ ಬೇತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸಿದಾಗ ಮತ್ತಾಯ ನೆನೆಯುವ, ರಾಮಾ ಊರಿನಲ್ಲಿ ಇಸ್ರಾಯೇಲರ ಮೂಲತಾಯಿ ರಾಹೇಲಳು ಮಕ್ಕಳಿಗಾಗಿ ಅಳುವ ಸಾಲು ಯೆರೆಮೀಯ 31:15ರದ್ದು. ಅದರ ಹಿಂದಿರುವುದು ಜನರನ್ನು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಒಯ್ದ ಘಟನೆ. ಸಂಕೋಲೆ ಹಾಕಿದ ಸೆರೆಯಾಳುಗಳ ನಡುವೆ ಯೆರೆಮೀಯನೂ ಇದ್ದದ್ದು ಅದೇ ರಾಮಾದಲ್ಲಿ (40:1). ಮುಂದಿನ ವಚನಗಳು ಮಕ್ಕಳು ತಿರುಗಿ ಬರುತ್ತಾರೆಂದು ಸಮಾಧಾನ ಹೇಳುತ್ತವೆ. ಬೇತ್ಲೆಹೇಮಿನ ಕೂಸುಗಳ ಕೊಲೆಯ ಮುನ್ಸೂಚನೆ ಅಲ್ಲಿಲ್ಲ. ಹಳೆಯ ಅಳು ಮತ್ತೆ ತುಂಬಿಬಂದಿದೆ.

ಇದಕ್ಕೆ ಎದುರು ಸಾಕ್ಷಿಯೂ ಇದೆ, ಮುಚ್ಚಿಡಬಾರದು. 1 ಅರಸುಗಳು 2:27ರಲ್ಲಿ ಸೊಲೊಮೋನನು ಎಬ್ಯಾತಾರನನ್ನು ಯಾಜಕತ್ವದಿಂದ ತೆಗೆದಾಗ, ಯಾಜಕ ಏಲಿ ಎಂಬವನ ಮನೆತನದ ಬಗ್ಗೆ ಹಿಂದೆ ಶಿಲೋ ಊರಿನಲ್ಲಿ ನುಡಿದ ಮಾತು ‘ತುಂಬಿತು’ ಎನ್ನಲು ಹೀಬ್ರೂವಿನಲ್ಲೂ ತುಂಬು ಎಂಬರ್ಥದ ‘ಮಲೇ’ ಧಾತು ಇದೆ. ಅದು ನಿಜಕ್ಕೂ ಮುಂಚೆ ನುಡಿದದ್ದೇ. ಅಂದರೆ ‘ತುಂಬು’ ಎರಡಕ್ಕೂ ಸಲ್ಲುತ್ತದೆ, ನಮ್ಮ ‘ನೆರವೇರು’ ಒಂದಕ್ಕೆ ಮಾತ್ರ. ಮತ್ತಾಯ 1:22-23 ಎತ್ತಿಕೊಳ್ಳುವ ಯೆಶಾಯ 7:14ರಲ್ಲಿ, ಒಬ್ಬಳು ಮಗನನ್ನು ಹೆರುತ್ತಾಳೆ ಎಂಬ ಗುರುತಿದೆ. ಅದರ ಹಳೆಯ ಜಗಳದಲ್ಲಿ ಎಲ್ಲರೂ ಅವಳು ‘ಕನ್ಯೆ’ಯೋ ‘ಯುವತಿ’ಯೋ ಎಂದು ಬಡಿದಾಡುತ್ತಾರೆ. ಆದರೆ 7:16ರ ಪ್ರಕಾರ ಆ ಮಗುವಿಗೆ ಕೆಟ್ಟದ್ದು ಒಳ್ಳೆಯದು ತಿಳಿಯುವ ಮೊದಲೇ ಯೆಹೂದದ ಅರಸ ಆಹಾಜ ಹೆದರುತ್ತಿದ್ದ ಇಬ್ಬರು ಅರಸರ ನಾಡು ಬರಿದಾಗಬೇಕು. ಅವುಗಳಲ್ಲೊಂದಾದ ದಮಸ್ಕ ಅಶ್ಶೂರರ ಕೈಗೆ ಬಿದ್ದದ್ದು ಕ್ರಿ.ಪೂ. 732ರಲ್ಲಿ. ಆ ಗುರುತು ಮೊದಲು ಆಹಾಜನಿಗೆ ಕೊಟ್ಟದ್ದು. ಹೀಗಾಗಿ ಮತ್ತಾಯ 1:22ರ ‘ನೆರವೇರುವಂತೆ’ ಎಂಬುದರ ಮೇಲೂ ನನಗೆ ಇದೇ ತಕರಾರು.

ಬಲ್ಲವರಲ್ಲಿ ಕೇಳುವುದಿಷ್ಟು. ಹಳಗನ್ನಡದ ‘ನೆರೆ’ಗೆ ತುಂಬು, ಪೂರ್ಣವಾಗು ಎಂಬ ಅರ್ಥವಿದೆ, ‘ಮೈನೆರೆದಳು’ ಎನ್ನುವಲ್ಲಿ ಅದು ಇಂದಿಗೂ ಉಳಿದಿದೆ. ‘ನೆರವೇರು’ ಪದವನ್ನು ಈ ಅರ್ಥದಲ್ಲಿ ಬಳಸಿದ ಹಳೆಯ ಪ್ರಯೋಗ ಯಾರಿಗಾದರೂ ಸಿಕ್ಕಿದೆಯೇ? ಇಲ್ಲವಾದರೆ ಹೋಶೇಯನ ಸಾಲಿಗೆ ‘ತುಂಬಿಬಂತು’ ಎಂದು ಬರೆಯುವುದು ನಿಮ್ಮ ಕಿವಿಗೆ ಹಿತವಾಗಿದೆಯೋ, ‘ಪೂರ್ಣಗೊಂಡಿತು’ ಎಂಬುದೋ? ಬಳ್ಳಾರಿ, ಧಾರವಾಡ, ಮಂಗಳೂರು ಕಡೆಯ ಸಭೆಗಳಲ್ಲಿ ಬೇರೆ ಮಾತೇನಾದರೂ ಬಳಕೆಯಲ್ಲಿದ್ದರೆ ದಯವಿಟ್ಟು ವಾಕ್ಯಸಮೇತ ಬರೆಯಿರಿ.