ಎಸ್ಪೆತೊಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಗೆಳೆಯರೇ, ಸ್ಪೇನಿನ ಮಾಲಗ ಊರಿನ ಪ್ರವಾಸ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕೊಡಬೇಕು. ಮಾಲಗೇತಾ ಕಡಲತೀರ ಊರಿಗೇ ಅಂಟಿಕೊಂಡಿದೆ. ಪಕ್ಕದಲ್ಲಿ ಬಂದರು, ಬಿಳಿ ದೀಪಸ್ತಂಭ, ಗುಡ್ಡದ ಮೇಲೆ ಹಿಬ್ರಾಲ್ಫಾರೊ ಕೋಟೆ. ಅಷ್ಟೂ ಸಲೀಸಾಗಿ ಬಂತು. ಸಿಕ್ಕಿಹಾಕಿಕೊಂಡಿದ್ದು ಊಟದಲ್ಲಿ.

ದೋಣಿಗೆ ಮರಳು ತುಂಬಿ, ಅದರ ಮೇಲೆ ಕಟ್ಟಿಗೆ ಉರಿ ಹಾಕುತ್ತಾರೆ. ಜೊಂಡಿನ ಕೋಲಿಗೆ ಐದಾರು ಸಾರ್ಡೀನ್ ಮೀನು ಪೋಣಿಸಿ ಉರಿಯ ಪಕ್ಕ ಓರೆಯಾಗಿ ನೆಡುತ್ತಾರೆ. ಕಲ್ಲುಪ್ಪು ಬಿಟ್ಟರೆ ಇನ್ನೇನೂ ಇಲ್ಲ. ಇದು ಎಸ್ಪೆತೊ. ಮಾರುವ ಜಾಗ ಚಿರಿಂಗೀತೊ. ಎರಡಕ್ಕೂ ಪದ ಬೇಕು. ಮೀನಿಗೆ ಬೂತಾಯಿ ಅನ್ನಬಹುದಾ?

ಉತ್ತರ 1:
ಸುಡುಗೋಲು. ಆದೇಶ ಸಂಧಿ, ತಕರಾರಿಲ್ಲ. ಚಿರಿಂಗೀತೊ ಅಂದರೆ ಗೂಡಂಗಡಿ. ಮುಗಿಯಿತು.

ಉತ್ತರ 2:
ಸುಡುಗೋಲು ಅಂದ ಕೂಡಲೇ ಸುಡುಗಾಡು ನೆನಪಾಗುತ್ತೆ ಸ್ವಾಮಿ, ಊಟದ ಪಟ್ಟಿಯಲ್ಲಿ ಬೇಡ. ಗೂಡಂಗಡಿಯಲ್ಲಿ ಸಿಗೋದು ಬೀಡಿ, ಬಾಳೆಹಣ್ಣು. ಚಿರಿಂಗೀತೊದಲ್ಲಿ ಕುರ್ಚಿ ಮೇಜು ಹಾಕಿ ಬಡಿಸುತ್ತಾರೆ. ಶೂಲಕ್ಕೆ ಚುಚ್ಚಿ ಸುಟ್ಟಿದ್ದಕ್ಕೆ ಶೂಲ್ಯ ಅನ್ನೋ ಪದ ಇದೆಯಲ್ವಾ?

ಉತ್ತರ 1:
ಸಂಸ್ಕೃತ. ಬೇಡ.

ಉತ್ತರ 3:
ಕರಾವಳಿಯವನ ಮಾತು. ಬೂತಾಯಿ ಅನ್ನಬೇಡಿ, ನಮ್ಮ ಬೂತಾಯಿ ಬೇರೆ ಜಾತಿಯ ಮೀನು. ಅದೂ ಕುಂದಾಪುರದಲ್ಲಿ ಬೈಗೆ, ಕಾರವಾರದಲ್ಲಿ ತಾರ್ಲೆ. ಮಂಡ್ಯದವರು ಯಾವುದಕ್ಕೆ ತಲೆಯಾಡಿಸಬೇಕು? ಸಾರ್ಡೀನ್ ಅಂತಲೇ ಇರಲಿ. ಇನ್ನೊಂದು ವಿಷಯ, ಕೋಲು ಹೋಗುವುದು ನಡುಮುಳ್ಳಿನ ಕೆಳಗೆ. ಮಾಂಸ ಬೆಂದು ಮೆತ್ತಗಾದರೂ ಮುಳ್ಳು ಹಿಡಿದುಕೊಳ್ಳುತ್ತೆ, ಮೀನು ಉದುರಲ್ಲ. ಆದ್ದರಿಂದ ‘ಪೋಣಿಸು’ ಸರಿ, ಸುಮ್ನೆ ‘ಚುಚ್ಚು’ ಸಾಲದು.

ಉತ್ತರ 2:
ಒಂದನೆಯವರಿಗೆ: ನೀವು ಓಡಿಸಲು ಹೊರಟ ಎಸ್ಪೆತೊ ಸ್ಪೇನಿನವರ ಸ್ವಂತದ್ದೂ ಅಲ್ಲ. ಗಾಥಿಕ್ ಅನ್ನೋ ಹಳೇ ಜರ್ಮಾನಿಕ್ ಭಾಷೆಯಿಂದ ಬಂದಿದ್ದು. ನಿಮ್ಮ ಮನೆಯ ಜನೇಲು, ಚಾವಿ ಪೋರ್ಚುಗೀಸರದ್ದು. ಅವನ್ನೂ ವಾಪಸ್ ಕೊಡ್ತೀರಾ?

ಉತ್ತರ 1:
ನಮ್ಮ ಮನೆಯಲ್ಲಿ ಇರೋದು ಕಿಟಕಿ. ಹಳೇ ಸಾಲ ಇದೆ ಅಂತ ಹೊಸ ಸಾಲ ಮಾಡಬೇಕಾ? ಹೀಗೇ ಬಿಟ್ಟರೆ ನಾಳೆ ಕ್ರಿಯಾಪದವೂ ಉಳಿಯಲ್ಲ.

ಕೇಳಿದವರು:
ಎಲ್ಲರಿಗೂ ವಂದನೆ. ಮೊದಲ ಸಲ ‘ಎಸ್ಪೆತೊ, ಅಂದರೆ ಕೋಲಿಗೆ ಪೋಣಿಸಿ ಸುಟ್ಟ ಸಾರ್ಡೀನ್’. ಆಮೇಲೆ ಬರೀ ಎಸ್ಪೆತೊ. ಚಿರಿಂಗೀತೊಗೆ ‘ತೀರದ ಹೋಟೆಲು’. ಜನೇಲಿನ ಜಗಳಕ್ಕೆ ದಯವಿಟ್ಟು ಬೇರೆ ತಲೆಬರಹ ಹಾಕಿಕೊಳ್ಳಿ.

ಉತ್ತರ 1:
ಹೋಟೆಲು ಯಾವ ಭಾಷೆಯದು?